ಚುಕ್ಕಿಯ ಐದು ದಿನದ ಉಸಿರು

ಪುಷ್ಯ ಮಾಸದಲ್ಲಿ ಬೈರಕೂರು ಕಡೆಯ ಮಂಜು ನೆಲ ಹಿಡಿದು ಬರುತ್ತದೆ. ಮೊದಲು ಮಾವಿನ ತೋಪುಗಳ ಬುಡ ಮುಚ್ಚುತ್ತದೆ, ಆಮೇಲೆ ರಾಗಿ ಹುಲ್ಲಿನ ಬಣವೆಗಳನ್ನು ಸೊಂಟದ ತನಕ, ಕೊನೆಗೆ ಕೊಟ್ಟಿಗೆಯ ಬಾಗಿಲನ್ನು. ಆ ಹೊತ್ತಿನಲ್ಲಿ ಭಾರತಮ್ಮ ಬಕೆಟ್ಟು ಹಿಡಿದು ಬಂದರೆ ಹಸು ಕಾಣುವ ಮುಂಚೆ ಹಸುವಿನ ಉಸಿರು ಕಾಣುತ್ತಿತ್ತು. ಒಳಗಿನ ಕತ್ತಲೆಯಿಂದ ಒಂದು ಬಿಳಿ ಎಳೆ ಮೆಲ್ಲಗೆ ಹೊರಬಂದು, ಮಂಜಿನ ಪಕ್ಕದಲ್ಲಿ ಒಂದು ಗಳಿಗೆ ಬೇರೆಯಾಗಿ ನಿಂತು, ಆಮೇಲೆ ಅದರೊಳಗೇ ಕರಗುವುದು. ಐವತ್ತೆಂಟು ವರ್ಷದಲ್ಲಿ ಅದನ್ನು ಎಷ್ಟು ಸಲ ನೋಡಿದ್ದಳೋ ಲೆಕ್ಕವಿಲ್ಲ. ಅದು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಯಾವತ್ತೂ ಯೋಚಿಸಿರಲಿಲ್ಲ. ಈ ಚಳಿಗಾಲದಲ್ಲಿ ಯೋಚಿಸುವಂತಾಯಿತು.

ಊರಿನ ಹಾಲಿನ ಡೈರಿಗೆ ಒಂದು ಬೆಳಿಗ್ಗೆ ವಾಣಿಶ್ರೀ ಎಂಬ ಹುಡುಗಿ ಬಂದಳು. ಶ್ರೀನಿವಾಸಪುರದ ಕಡೆಯವಳು, ಬೆಂಗಳೂರಿನ ಒಂದು ಸಂಶೋಧನಾ ತಂಡದಲ್ಲಿ ಕೆಲಸ. ಅವಳ ಜೀಪಿನಲ್ಲಿ ಬಿಳಿ ಪ್ಲಾಸ್ಟಿಕ್ ಕೊಳವೆಯಿಂದ ಮಾಡಿದ ಡಬ್ಬಿಗಳು ಸಾಲಾಗಿ ಮಲಗಿದ್ದವು. ಡೈರಿ ಸೆಕ್ರೆಟರಿ ಮುನಿಯಲ್ಲಪ್ಪ ಹಾಲು ಅಳೆಯುವುದನ್ನು ನಿಲ್ಲಿಸಿ, ಕ್ಯಾನು ಹಿಡಿದು ನಿಂತ ಹೆಂಗಸರಿಗೆಲ್ಲ ಹೇಳಿದ.

"ಮೇಡಂ ಹಸು ಉಸಿರು ಅಳೀತಾರಂತೆ. ಎಂಟು ಹಸು ಬೇಕು. ಯಾರು ಕೊಡ್ತೀರಾ?"

"ಏಮ್ಮಾ, ಹಾಲು ಅಳ್ದಿದ್ದು ಸಾಲ್ದಾ?" ಎಂದಳು ಅನಸೂಯಮ್ಮ. ಭಾರತಮ್ಮನ ಪಕ್ಕದ ಮನೆಯವಳು, ಬಾಯಿಗೆ ಬೀಗವಿಲ್ಲದವಳು. "ಇನ್ಮೇಲೆ ನಮ್ಮ ಹಸು ಹೂಸಿದ್ರೂ ದಿಲ್ಲಿಗೆ ಗೊತ್ತಾಗ್ತದೆ ಅನ್ನು."

ನಗು ಇಳಿಯುವ ತನಕ ವಾಣಿಶ್ರೀ ಕಾದಳು. "ಹಿಂದಿನಿಂದ ಅಲ್ಲಮ್ಮ, ಮುಂದಿನಿಂದ. ಮೆಲುಕು ಹಾಕುವಾಗ ತೇಗ್ತದಲ್ಲ, ಅದ್ರಲ್ಲಿ ಮೀಥೇನ್ ಅಂತ ಗಾಳಿ ಬರ್ತದೆ. ಕಣ್ಣಿಗೆ ಕಾಣಲ್ಲ. ಮೇಲಕ್ಕೆ ಹೋಗಿ ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಆಗ್ತದೆ, ಬಿಸಿ ಏರ್ತದೆ."

ಮುನಿಯಲ್ಲಪ್ಪ ಹುಬ್ಬು ಗಂಟಿಕ್ಕಿದ. "ಅಂದ್ರೆ ಹಸು ಮಾರಿ ಅಂತೀರಾ?"

"ಇಲ್ಲ ಸಾರ್. ಎಲ್ಲಾ ದೇಶದೋರೂ ಕೂತು ಒಂದು ಒಪ್ಪಂದ ಮಾಡ್ಕೊಂಡಿದಾರೆ, ನಮ್ಮ ದೇಶಾನೂ ಮಾತು ಕೊಟ್ಟಿದೆ. ಎರಡು ಸಾವಿರದ ಐದನೇ ಇಸವೀಲಿ ಒಂದು ರೂಪಾಯಿ ದುಡಿಮೆಗೆ ಎಷ್ಟು ಹೊಗೆ ಬಿಡ್ತಿದ್ವೋ, ಎರಡು ಸಾವಿರದ ಮೂವತ್ತಕ್ಕೆ ಅದ್ರಲ್ಲಿ ನೂರಕ್ಕೆ ನಲವತ್ತೈದು ಪಾಲು ಇಳಿಸ್ತೀವಿ ಅಂತ. ಎಪ್ಪತ್ತನೇ ಇಸವಿಗೆ ಬಿಡೋದಕ್ಕೂ ಹೀರ್ಕೊಳ್ಳೋದಕ್ಕೂ ಸರಿಸಮ ಮಾಡ್ತೀವಿ ಅಂತ. ಹಸು ಕಮ್ಮಿ ಮಾಡ್ತೀವಿ ಅಂತ ಎಲ್ಲೂ ಹೇಳಿಲ್ಲ. ಆದ್ರೆ ದೇಶದಿಂದ ಎಷ್ಟು ಹೋಗ್ತದೆ ಅನ್ನೋ ಲೆಕ್ಕಾನ ಆಗಾಗ ಎಲ್ಲರ ಮುಂದೆ ಇಡ್ತೀವಿ ಅಂತ ಹೇಳಿದೀವಿ. ಆ ಲೆಕ್ಕದಲ್ಲಿ ಹಸುಗಳೂ ಇದಾವೆ. ನಮ್ಮ ಕಡೆ ಮೇವು ತಿಂದ ನಮ್ಮ ಹಸು ಎಷ್ಟು ಬಿಡ್ತದೆ ಅಂತ ಅಳೆದಷ್ಟೂ ಲೆಕ್ಕ ಗಟ್ಟಿ ಆಗ್ತದೆ. ನಾವು ಸರಿಯಾಗಿ ಅಳೆದ್ರೆ ನಮ್ದೂ ಅದಕ್ಕೆ ಸೇರಬಹುದು."

ಹೆಂಗಸರು ಕ್ಯಾನು ಮುಂದೆ ಸರಿಸಿಕೊಂಡರು. ಭಾರತಮ್ಮ ಅಲ್ಲೇ ನಿಂತಳು. ಮಾತು ಕೊಡುವುದು ಅಂದರೆ ಅವಳಿಗೆ ತಿಳಿದ ವಿಷಯ. ಎಲೆಅಡಿಕೆ ಬದಲಾಯಿಸಿ ಕೊಟ್ಟ ಮಾತು, ಹೊಲದ ಬದುವಿನ ಮೇಲೆ ನಿಂತು ಕೊಟ್ಟ ಮಾತು. ಇಡೀ ದೇಶ ಯಾರ ಮುಂದೆ ಹೇಗೆ ನಿಂತು ಮಾತು ಕೊಟ್ಟಿರಬಹುದು ಎಂದು ಕಣ್ಣಿಗೆ ತಂದುಕೊಳ್ಳಲು ನೋಡಿದಳು. ಎಪ್ಪತ್ತನೇ ಇಸವಿ ಅಂದರೆ ಮೊಮ್ಮಗಳು ಮಾನಸಳಿಗೆ ಐವತ್ತು ತುಂಬಿರುತ್ತದೆ. ಮಾನಸ ಆಗ ಹೇಗಿರುತ್ತಾಳೆ ಎಂಬುದೂ ಕಣ್ಣಿಗೆ ಬರಲಿಲ್ಲ.

"ನಮ್ಮ ಚುಕ್ಕೀನ ಬರ್ಕೊಳ್ಳಿ ತಾಯಿ," ಎಂದಳು.

ಚುಕ್ಕಿ ಕಪ್ಪು ಬಿಳಿ ಸೀಮೆಹಸು. ಹಣೆಯ ಮೇಲೆ ಬೆರಳಲ್ಲಿ ಒತ್ತಿದಂತೆ ಒಂದು ಬಿಳಿ ಚುಕ್ಕೆ. ಅದನ್ನು ಕರುವಾಗಿನಿಂದ ಸಾಕಿದವನು ಭಾರತಮ್ಮನ ಗಂಡ ವೆಂಕಟರಾಯಪ್ಪ. ಅವನು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಈಗ ಭಾರತಮ್ಮ, ನರಸಾಪುರದ ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುವ ಮಗ ಅಮರನಾಥ್, ಸೊಸೆ ಮೇಘನ, ಆರು ವರ್ಷದ ಮಾನಸ.

ವಾಣಿಶ್ರೀ ಮೊದಲು ಒಂದು ಸಲ ಬಂದು, ಬೆರಳಿನಷ್ಟು ದಪ್ಪದ ಲೋಹದ ತುಂಡೊಂದನ್ನು ಡಾಕ್ಟರ ಕೈಯಿಂದ ಚುಕ್ಕಿಯ ಹೊಟ್ಟೆಗೆ ಇಳಿಸಿ ಹೋಗಿದ್ದಳು. ಅಳತೆಗೆ ಗುರುತು ಕೊಡುವ ಗಾಳಿ ಅದರಿಂದ ಇಷ್ಟಿಷ್ಟೇ ಬರುತ್ತದಂತೆ, ಹಸುವಿಗೆ ತೊಂದರೆಯಿಲ್ಲವಂತೆ. ಹತ್ತು ದಿನ ಬಿಟ್ಟು ಬಂದು ಮೂಗಿನ ಮೇಲೆ ಹಗ್ಗದ ಮುಖವಾಡ ಕಟ್ಟಿದಳು, ಅದರಿಂದ ನೂಲಿನಂಥ ಕೊಳವೆ ಎಳೆದಳು, ಕುತ್ತಿಗೆಗೆ ಬಿಳಿ ಡಬ್ಬಿ ತೂಗುಬಿಟ್ಟಳು.

"ಇದ್ರೊಳಗಿನ ಗಾಳಿ ಎಲ್ಲಾ ಎಳೆದು ಬರಿದು ಮಾಡಿದೀವಮ್ಮ. ಈಗ ಇದು ಒಂದು ದಿನ ಪೂರ್ತಿ ಚೂರುಚೂರೇ ಉಸಿರು ಎಳ್ಕೊಳ್ತದೆ. ನಾಳೆ ಬೆಳಿಗ್ಗೆ ಇದನ್ನ ಬಿಚ್ಚಿ ಬೇರೆದು ಕಟ್ತೀನಿ. ಐದು ದಿನ, ಐದು ಡಬ್ಬಿ. ನೀವು ಮಾಡ್ಬೇಕಾದ್ದು ಒಂದೇ, ದಿನಾ ಏನು ಹಾಕ್ತೀರೋ ಅದನ್ನೇ ಹಾಕಿ, ತೂಗಿ, ಈ ಹಾಳೇಲಿ ಬರೀರಿ. ಹೊಟ್ಟೆಗೆ ಹೋದದ್ದಕ್ಕೂ ಉಸಿರಿಗೂ ತಾಳೆ ಹಾಕ್ಬೇಕು."

ಭಾರತಮ್ಮ ಏಳನೇ ತರಗತಿ ಓದಿದವಳು, ಅಕ್ಷರ ದುಂಡಗೆ. ರಾಗಿ ಹುಲ್ಲು, ಸೀಮೆಹುಲ್ಲು, ಜೋಳದ ಕಡ್ಡಿ, ಬೂಸ, ಹಿಂಡಿ, ರೇಷ್ಮೆಹುಳು ತಿಂದುಳಿದ ಸೊಪ್ಪಿನ ಕಡ್ಡಿ, ಒಂದೊಂದನ್ನೂ ತಕ್ಕಡಿಗೆ ಹಾಕಿ ಬರೆದಳು. ಗೊಂತಿನಲ್ಲಿ ಉಳಿದದ್ದನ್ನು ಬಾಚಿ ಮತ್ತೆ ತೂಗಿ ಕಳೆದಳು.

ಅವತ್ತು ಮಧ್ಯಾಹ್ನ ಕೊಟ್ಟಿಗೆಯ ಜಗಲಿಯ ಮೇಲೆ ಒರಗಿಕೊಂಡು ಅವಳು ಆ ಡಬ್ಬಿಯನ್ನೇ ನೋಡುತ್ತ ಕೂತಳು. ಚುಕ್ಕಿ ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತಿತ್ತು. ಡಬ್ಬಿಯೊಳಗೆ ಬೆಳಗಿನ ಮಂಜು ಒಂದಿಷ್ಟು ಹೋಗಿರಬೇಕು. ಬಿಸಿಲೇರಿದ ಮೇಲಿನ ಹುಲ್ಲಿನ ವಾಸನೆ ಹೋಗಿರಬೇಕು. ತಾನು ಕೂಗಿ ಕರೆದಾಗ ಅದು ಕತ್ತು ತಿರುಗಿಸಿ ಬಿಟ್ಟ ಉಸಿರೂ ಅದರಲ್ಲಿರಬೇಕು. ಒಂದು ಇಡೀ ದಿನ ಹೀಗೆ ಕೊರಳಲ್ಲಿ ತೂಗುತ್ತಿರುತ್ತದೆ ಎಂದರೆ! ನಿದ್ದೆ ಬಂತು. ನಿದ್ದೆಯೊಳಗೆ ಊರಿನ ಎಲ್ಲ ಕೊಟ್ಟಿಗೆಗಳಿಂದ ಬಿಳಿ ಎಳೆಗಳು ಎದ್ದು ಗುಡ್ಡಗಳ ಮೇಲೆ ಹೋಗುತ್ತಿದ್ದವು. ಮುಳಬಾಗಿಲ ಕಡೆಯಿಂದ, ಗಡಿಯಾಚೆಯ ಊರುಗಳಿಂದ, ಹೆಸರು ಗೊತ್ತಿಲ್ಲದ ಸೀಮೆಗಳಿಂದ ಇನ್ನೂ ಎಳೆಗಳು ಬಂದು ಸೇರುತ್ತಿದ್ದವು. ಯಾರೋ ದೊಡ್ಡ ಮಗ್ಗದಲ್ಲಿ ಅವನ್ನೆಲ್ಲ ಸೇರಿಸಿ ಕಂಬಳಿ ನೇಯುತ್ತಿದ್ದರು, ಸದ್ದಿಲ್ಲದೆ. ಇದರಲ್ಲಿ ನಮ್ಮ ಎಳೆ ಯಾವುದು ಎಂದು ಅವಳು ಹುಡುಕುತ್ತಿದ್ದಳು.

ಎಚ್ಚರವಾದಾಗ ತಟ್ಟೆ ಪಕ್ಕದಲ್ಲಿತ್ತು. ತಾನು ಊಟ ಮಾಡಿದ ತಟ್ಟೆ. ಅದನ್ನು ನೋಡಿ ಭಾರತಮ್ಮನಿಗೆ ಒಂದು ವಿಷಯ ನೆನಪಾಯಿತು.

ಮುದ್ದೆ ಬರೆದಿರಲಿಲ್ಲ.

ಆ ಮುದ್ದೆಯ ಸಂಗತಿ ಯಾರಿಗೂ ಗೊತ್ತಿಲ್ಲ. ವೆಂಕಟರಾಯಪ್ಪ ಊಟಕ್ಕೆ ಕೂರುತ್ತಿದ್ದದ್ದು ಇದೇ ಜಗಲಿಯ ಮೇಲೆ, ಕೊನೆಯ ತುತ್ತು ಚುಕ್ಕಿಗೆ ಕೊಟ್ಟೇ ಏಳುತ್ತಿದ್ದ. ಅವನ ತಿಥಿ ಕಳೆದ ಮಾರನೆಯ ದಿನ ಅವಳು ಮುದ್ದೆಕೋಲು ಹಿಡಿದು ಹಿಟ್ಟು ತಿರುವಿ, ಉಂಡೆ ಕಟ್ಟಿ ನೋಡಿದರೆ ಒಂದು ಹೆಚ್ಚಾಗಿತ್ತು. ಮೂವತ್ತೆರಡು ವರ್ಷ ಅಳತೆ ಮಾಡಿದ ಕೈ, ಅದಕ್ಕೆ ಸುದ್ದಿ ಮುಟ್ಟಿರಲಿಲ್ಲ. ಎತ್ತಿಡಲೂ ಮನಸ್ಸಾಗದೆ, ಬಿಸಾಡಲೂ ಆಗದೆ, ತಟ್ಟೆಯಲ್ಲಿಟ್ಟುಕೊಂಡು ಜಗಲಿಗೆ ಬಂದಳು. ಚುಕ್ಕಿ ಆಗ ಪಡ್ಡೆ. ಕತ್ತು ಚಾಚಿತು. ಕೊಟ್ಟಳು. ಮಾರನೆಯ ದಿನವೂ ಕೈ ಅದನ್ನೇ ಮಾಡಿತು. ಆಮೇಲೆ ಅವಳು ಕೈಯನ್ನು ತಿದ್ದುವ ಗೋಜಿಗೇ ಹೋಗಲಿಲ್ಲ.

ಹೇಳಬಾರದು ಎಂಬುದೂ ಇತ್ತು. ಹಸುವಿಗೆ ಕೈಯಾರೆ ಇಟ್ಟದ್ದನ್ನು ಬಾಯಾರೆ ಆಡಿದರೆ ಇಟ್ಟ ಫಲ ಇಟ್ಟವರಿಗೆ ದಕ್ಕುವುದಿಲ್ಲ ಎಂದು ಅವಳ ಅತ್ತೆ ಹೇಳುತ್ತಿದ್ದಳು. ಆ ಊರಿನ ಹೆಂಗಸರೆಲ್ಲ ಹಾಗೇ ನಂಬಿದವರು. ಗೊಂತಿಗೆ ಸುರಿದದ್ದು ಮೇವು, ಅದನ್ನು ಎಷ್ಟು ಬೇಕಾದರೂ ಹೇಳಿಕೊಳ್ಳಬಹುದು. ಅಡುಗೆ ಮನೆಯಿಂದ ತಂದು ಬಾಯಿಗಿಟ್ಟದ್ದು ಲೆಕ್ಕಕ್ಕೆ ಸೇರಿದ್ದಲ್ಲ. ಮೇಘನ ಮಾತ್ರ ನೆಂಟರೊಡನೆ ತಮಾಷೆ ಮಾಡುತ್ತಿದ್ದಳು: "ನಮ್ಮತ್ತೆ ದಿನಾ ಎರಡು ಮುದ್ದೆ ನುಂಗ್ತಾರೆ, ನೋಡಿದ್ರೆ ಕಡ್ಡಿ. ಎಲ್ಲೋಗ್ತದೋ ದೇವರೇ ಬಲ್ಲ." ಭಾರತಮ್ಮ ಅದಕ್ಕೆ ನಕ್ಕು ಸುಮ್ಮನಾಗುತ್ತಿದ್ದಳು.

ಈಗ ಹಾಳೆ ಮೊಳೆಗೆ ನೇತಾಡುತ್ತಿತ್ತು. ಬರೆದರೆ ವಾಣಿಶ್ರೀ ಕೇಳುತ್ತಾಳೆ, ಮೇಘನ ಓದುತ್ತಾಳೆ, ಅಮರನಾಥನ ಕಿವಿಗೆ ಬೀಳುತ್ತದೆ. ನಾಲ್ಕು ವರ್ಷ ತೀರಿಕೊಂಡ ಗಂಡನಿಗೂ ತನಗೂ ಮಾತ್ರ ಇದ್ದ ಒಂದು ತುತ್ತು ಜಗಲಿಯಿಂದ ಬೀದಿಗೆ ಬರುತ್ತದೆ. ಬರೆಯದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅದೇ ಕಷ್ಟವಾಗಿದ್ದದ್ದು.

ಎರಡನೆಯ ದಿನವೂ ಕೊಟ್ಟಳು, ಬರೆಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಡಬ್ಬಿ ಬದಲಾಯಿಸುತ್ತ ವಾಣಿಶ್ರೀ ಹಾಳೆ ನೋಡಿದಳು.

"ಎಂಟು ಮನೇಲಿ ನಿಮ್ಮ ಹಾಳೆ ಒಂದೇ ಕಣ್ಣು ಮುಚ್ಕೊಂಡು ನಂಬೋ ಹಾಗಿರೋದು ಅಮ್ಮ. ಅನಸೂಯಮ್ಮ ಅವರು ಎರಡು ದಿನದ್ದು ಒಂದೇ ದಿನ ಬರೆದಿದಾರೆ."

"ಅದ್ರ ಹೊಟ್ಟೆ ಎರಡು ದಿನಾನೂ ಒಂದೇ ಇತ್ತು, ಏನ್ ಮಾಡ್ಲಿ," ಎಂದಳು ಅನಸೂಯಮ್ಮ ಬೇಲಿಯಾಚೆಯಿಂದ.

ಭಾರತಮ್ಮ ನಗಲಿಲ್ಲ. ಜೀಪಿನೊಳಗೆ ಎರಡು ಡಬ್ಬಿ ಮಲಗಿದ್ದವು, ಮೇಲೆ ಚುಕ್ಕಿಯ ನಂಬರು. ಮುದ್ದೆಯ ಉಸಿರೂ ಅದರಲ್ಲಿ ಮುಚ್ಚಿಕೊಂಡು ಕೂತಿತ್ತು, ಯಾವ ಹಾಳೆಯಲ್ಲೂ ಇಲ್ಲದ್ದು.

ನಾಲ್ಕನೆಯ ದಿನ ಅವಳಿಗೊಂದು ಉಪಾಯ ಹೊಳೆಯಿತು. ಕೊಡದೇ ಇದ್ದರೆ ಬರೆಯುವುದಕ್ಕೇ ಏನೂ ಇರುವುದಿಲ್ಲ. ಅವತ್ತು ಅವರೆಕಾಳು ಸಾರು, ಮನೆ ತುಂಬ ಸೊಗಡಿನ ವಾಸನೆ. ಉಂಡೆ ಕಟ್ಟುವಾಗ ಕೈಯನ್ನು ತಡೆದು ನೋಡಿದಳು, ಆದರೂ ಒಂದು ಹೆಚ್ಚೇ ಆಯಿತು. ಅದನ್ನು ಪಾತ್ರೆಯಲ್ಲೇ ಬಿಟ್ಟು, ಒಂದು ಮುದ್ದೆ ಹಾಕಿಕೊಂಡು ಜಗಲಿಗೆ ಬಂದಳು. ಚುಕ್ಕಿ ಗೊಂತಿನಿಂದ ತಲೆ ಎತ್ತಿ ನೋಡಿತು. ಅವಳು ತಟ್ಟೆಯ ಕಡೆಗೇ ಮುಖ ಇಟ್ಟುಕೊಂಡು ಉಂಡಳು. ಚುಕ್ಕಿ ಒಂದು ಹೆಜ್ಜೆ ಮುಂದೆ ಬಂದು, ಹಗ್ಗ ಬಿಗಿಯಾದಾಗ ನಿಂತು, ಕೂಗದೆ ಕಾದಿತು. ವೆಂಕಟರಾಯಪ್ಪನೂ ಹೀಗೇ, ಊಟ ತಡವಾದರೆ ಯಾವತ್ತೂ ಕೇಳುತ್ತಿರಲಿಲ್ಲ, ಜಗಲಿಯ ಮೇಲೆ ಕೂತು ದಾರಿ ನೋಡುತ್ತಿದ್ದ. ಭಾರತಮ್ಮ ಚುಕ್ಕಿಗೆ ಬೆನ್ನು ತಿರುಗಿಸಿ ಕೂತಳು.

ಒಳಗಿನಿಂದ ಮೇಘನ ಬಂದಳು, ಕೈಯಲ್ಲಿ ಪಾತ್ರೆ. "ಅತ್ತೆ, ಇವತ್ತು ಒಂದೇ ಉಂಡ್ರಾ? ಮೈಗೆ ಹುಷಾರಿಲ್ವಾ?"

"ಹಸಿವಿಲ್ಲ ಕಣೇ."

"ನಾಲ್ಕು ವರ್ಷದಿಂದ ಒಂದಿನಾನೂ ಬಿಟ್ಟೋರಲ್ಲ. ಇವರಿಗೆ ಫೋನ್ ಮಾಡ್ಲಾ? ಮುಳಬಾಗಿಲಿಗೆ ಹೋಗಿ ತೋರಿಸ್ಕೊಂಡು ಬರೋಣ."

"ಸುಮ್ನಿರೇ, ಏನೂ ಆಗಿಲ್ಲ."

ಮೇಘನ ಪಾತ್ರೆ ಹಿಡಿದು ಅತ್ತೆಯ ಮುಖ ನೋಡುತ್ತ ನಿಂತಳು. ಆಮೇಲೆ ತಿರುಗಿ ತಿರುಗಿ ನೋಡುತ್ತ ಒಳಗೆ ಹೋದಳು. ಮುದ್ದೆ ಪಾತ್ರೆಯಲ್ಲೇ ಒಣಗಿ ಮೇಲೆ ಪೊರೆ ಕಟ್ಟಿತು. ಅವತ್ತು ಸಂಜೆ ಚುಕ್ಕಿ ಅರ್ಧ ಲೀಟರು ಹಾಲು ಕಮ್ಮಿ ಕೊಟ್ಟಿತು. ಅದು ಮುದ್ದೆಗೋ, ಚಳಿಗೋ, ಮೂಗಿನ ಮೇಲಿನ ಹಗ್ಗಕ್ಕೋ ಯಾರು ಹೇಳಬೇಕು.

ಐದನೆಯ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಜೀಪಿನ ದೀಪ ಎರಡು ಹಳದಿ ಮಚ್ಚೆಯಾಗಿ ಬಂದು ನಿಂತಿತು. ಮೇಘನ ಅಂಗಳಕ್ಕೆ ನೀರು ಹಾಕುತ್ತಿದ್ದಳು. ವಾಣಿಶ್ರೀ ಕೊನೆಯ ಡಬ್ಬಿ ಕಟ್ಟಲು ಬಗ್ಗಿದಾಗ ಭಾರತಮ್ಮ ಅವಳ ಕೈ ಹಿಡಿದಳು.

"ವಾಣಮ್ಮ, ಕಟ್ಬೇಡ. ನನ್ನ ಹಾಳೆ ಸರಿಯಿಲ್ಲ."

"ಯಾಕಮ್ಮ? ಎಲ್ಲಾ ಸರಿಯಾಗೇ ಇದೆಯಲ್ಲ."

"ದಿನಾ ಮಧ್ಯಾಹ್ನ ಒಂದು ಮುದ್ದೆ ಕೊಡ್ತೀನಿ. ಬರ್ದಿಲ್ಲ. ನಿನ್ನೆ ಕೊಟ್ಟಿಲ್ಲ, ಅದೂ ತಪ್ಪೇ. ದಿನದ ಹಾಗೇ ಇರ್ಬೇಕು ಅಂದಿದ್ದೆ ನೀನು."

ವಾಣಿಶ್ರೀ ಡಬ್ಬಿ ಕೆಳಗಿಟ್ಟಳು. "ಒಂದು ಮುದ್ದೇನಾ? ಹೋಗ್ಲಿ ಬಿಡಿ ಅಮ್ಮ. ದಿನಕ್ಕೆ ಅಷ್ಟೊಂದು ಮೇವು ತಿನ್ನೋ ಹಸು. ಅಂದಾಜಿನ ಮೇಲೆ ಹಾಕ್ಕೊಳ್ತೀನಿ."

"ಅಂದಾಜು ಹಾಕೋ ಹಾಗಿದ್ರೆ ಇದ್ರ ಕೊರಳಿಗೆ ಯಾಕೆ ಕಟ್ದೆ ತಾಯಿ? ಬೆಂಗಳೂರಲ್ಲೇ ಕೂತು ಹಾಕ್ಬಹುದಿತ್ತಲ್ಲ. ದೇಶ ಮಾತು ಕೊಟ್ಟಿದೆ ಅಂದೆ."

ವಾಣಿಶ್ರೀ ಜಗಲಿಯ ಮೇಲೆ ಕೂತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು. "ಮೊದಲನೇ ದಿನಾನೇ ಯಾಕಮ್ಮ ಹೇಳ್ಲಿಲ್ಲ?"

ಭಾರತಮ್ಮ ಚುಕ್ಕಿಯ ಕತ್ತಿನ ಮೇಲೆ ಕೈಯಿಟ್ಟು, ಆ ಕಡೆಗೇ ನೋಡುತ್ತ ಹೇಳಿದಳು. "ಅದು ನಮ್ಮ ಮನೆಯವರ ಮುದ್ದೆ. ಅವರು ಹೋದ್ಮೇಲೂ ಕೈ ಮಾಡ್ಬಿಡ್ತದೆ. ಹೇಳ್ಬಾರದು ಅಂತ ಇಟ್ಕೊಂಡಿದ್ದೆ. ಫಲ ಹೋದ್ರೆ ಹೋಗ್ಲಿ, ಸುಳ್ಳು ಲೆಕ್ಕಕ್ಕೆ ಅವರ ಊಟ ಸೇರೋದು ಬೇಡ."

ಅಂಗಳದಲ್ಲಿ ನೀರಿನ ಸದ್ದು ನಿಂತಿತು. ಮೇಘನ ಚೊಂಬು ಹಿಡಿದು ಹಾಗೇ ನಿಂತಿದ್ದಳು. ಮಂಜಿನಲ್ಲಿ ಅವಳ ಮುಖ ಕಾಣಲಿಲ್ಲ. "ನಾನು ಊರೆಲ್ಲ ಆಡ್ಕೊಂಡು ನಕ್ಕೆನಲ್ಲ ಅತ್ತೆ," ಎಂಬ ಮಾತು ಮಾತ್ರ ಕೇಳಿಸಿತು.

"ನೀನು ನಕ್ಕಿದ್ದಕ್ಕೇ ಯಾರೂ ಕೇಳಲಿಲ್ಲ. ಒಳ್ಳೇದೇ ಆಯ್ತು," ಎಂದಳು ಭಾರತಮ್ಮ.

ವಾಣಿಶ್ರೀಗೆ ಆಗ ಬೇರೊಂದು ಅನುಮಾನ ಬಂತು. ಎದ್ದು ಉಳಿದ ಏಳು ಮನೆಗಳಿಗೂ ಹೋಗಿ, ಗೊಂತಿಗಲ್ಲದೆ ಕೈಯಲ್ಲಿ ಏನಾದರೂ ಕೊಡುತ್ತೀರಾ ಎಂದು ಒಂದೇ ಪ್ರಶ್ನೆ ಕೇಳಿದಳು. ಮೊದಲು ಎಲ್ಲರೂ ಇಲ್ಲವೆಂದರು. ಭಾರತಮ್ಮ ಹೇಳಿದ್ದಾಳೆ ಎಂದ ಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಒಬ್ಬಳು ನಿತ್ಯ ಅಕ್ಕಿ ತೊಳೆದ ಕಲಗಚ್ಚಿಗೆ ಮಿಕ್ಕ ಅನ್ನ ಹಿಸುಕಿ ಇಡುತ್ತಿದ್ದಳು. ಮುನಿಯಲ್ಲಪ್ಪನೇ ಶನಿವಾರ ಶನಿವಾರ ಒಂದು ಚಿಪ್ಪು ಬಾಳೆಹಣ್ಣು ತಿನ್ನಿಸುತ್ತಿದ್ದ, ಹರಕೆಯಂತೆ, ಹೆಂಡತಿಗೂ ಗೊತ್ತಿರಲಿಲ್ಲ. ಅನಸೂಯಮ್ಮನ ಹಸು ದೋಸೆ ಹುಯ್ದ ದಿನವೆಲ್ಲ ನಾಲ್ಕು ದೋಸೆ ತಿನ್ನುತ್ತಿತ್ತು.

"ಇಷ್ಟೆಲ್ಲಾ ಬರೀಬೇಕು ಅಂತ ಹೇಳಿದ್ನಲ್ಲಮ್ಮ," ಎಂದಳು ವಾಣಿಶ್ರೀ, ದನಿ ಸೋತು.

"ನೀನು ಮೇವು ಬರಿ ಅಂದೆ. ದೋಸೆ ಮೇವಾ? ಮನೆ ಮಗಳಿಗೆ ಇಟ್ಟಿದ್ದನ್ನ ಯಾರಾದ್ರೂ ತೂಗಿ ಬರೀತಾರಾ?"

ಜೀಪಿನಲ್ಲಿದ್ದ ಮೂವತ್ತೆರಡು ಡಬ್ಬಿಗಳನ್ನು ವಾಣಿಶ್ರೀ ಒಮ್ಮೆ ನೋಡಿದಳು. ಬೆಂಗಳೂರಿಗೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದಳು, ಹೆಚ್ಚಾಗಿ ಬೈಸಿಕೊಂಡಂತೆ ಕಂಡಿತು. ಆಮೇಲೆ ಬಂದು, ಎಂಟು ದಿನ ಬಿಟ್ಟು ಎಲ್ಲವನ್ನೂ ಮೊದಲಿಂದ ಮಾಡೋಣ ಎಂದಳು. ಈ ಸಲದ ಹಾಳೆಯಲ್ಲಿ ಒಂದು ಹೊಸ ಸಾಲು ಇರುತ್ತದೆ, ಅಡುಗೆ ಮನೆಯಿಂದ ಕೊಟ್ಟದ್ದು ಎಂದು.

ಸುದ್ದಿ ಡೈರಿಗೆ ಹೋಯಿತು. ನಿನ್ನಿಂದ ಎಲ್ಲರಿಗೂ ಮತ್ತೆ ಐದು ದಿನ ತೂಗುವ ಕೆಲಸ ಬಂತೆಂದು ಕೆಲವರು ಭಾರತಮ್ಮನ ಮೇಲೆ ಗೊಣಗಿದರು. ಮುದ್ದೆಯ ಮಾತು ಯಾರೂ ಎತ್ತಲಿಲ್ಲ. ಅಮರನಾಥ್ ಮಾತ್ರ ಸಂಜೆ ಬಸ್ಸಿಳಿದು ಬಂದವನು ಚೀಲ ಕೂಡ ಇಡದೆ ಕೊಟ್ಟಿಗೆಗೆ ಹೋಗಿ, ಚುಕ್ಕಿಯ ಹಣೆ ತಿಕ್ಕುತ್ತ ನಿಂತಿದ್ದ. "ಅಮ್ಮ, ಅಪ್ಪ ಬಲಗೈಲಿ ಕೊಡ್ತಿದ್ರಾ, ಎಡಗೈಲಾ?" ಎಂದು ಕೇಳಿದ. "ಕೊನೇ ತುತ್ತು ಎಡಗೈಗೆ ಹಾಕ್ಕೊಂಡು ಕೊಡ್ತಿದ್ರು, ಬಲಗೈ ಎಂಜಲು ಅಂತ," ಎಂದಳು ಅವಳು. ಅಷ್ಟೇ ಮಾತು ಆದದ್ದು.

ಎಂಟು ದಿನದ ಮೇಲೆ ಹೊಸ ಡಬ್ಬಿ ಬಂತು. ಮಾವಿನ ಮರಗಳಲ್ಲಿ ಹೂವು ಒಡೆಯಲು ಶುರುವಾಗಿತ್ತು, ಮಂಜಿಗೂ ಅದರ ಸಿಹಿ ವಾಸನೆ ಹತ್ತಿತ್ತು. ಮಧ್ಯಾಹ್ನ ಭಾರತಮ್ಮ ಎಂದಿನಂತೆ ಹಿಟ್ಟು ತಿರುವಿ ಉಂಡೆ ಕಟ್ಟಿದಳು. ವಾಣಿಶ್ರೀ ಜಗಲಿಯ ಮೇಲೆ ಚಿಕ್ಕ ತಕ್ಕಡಿ ಇಟ್ಟುಕೊಂಡು ಕಾದಿದ್ದಳು. ಮುದ್ದೆ ಅದರ ಮೇಲೆ ಕೂತಿತು. ಅಂಕಿಗಳು ಅತ್ತಿತ್ತ ಆಡಿ ನಿಂತವು. ಮುನ್ನೂರ ಇಪ್ಪತ್ತು ಗ್ರಾಂ.

"ಇಷ್ಟೇನಾ?" ಎಂದಳು ಭಾರತಮ್ಮ. ಮೂವತ್ತೆರಡು ವರ್ಷ, ಮೇಲೆ ನಾಲ್ಕು ವರ್ಷ ಕಟ್ಟಿದ ಮುದ್ದೆಯ ತೂಕ ಅವಳಿಗೆ ಇವತ್ತು ಗೊತ್ತಾಯಿತು. ಕೈಗೆ ಇದಕ್ಕಿಂತ ಭಾರ ಅನ್ನಿಸುತ್ತಿತ್ತು.

ಮೇಘನ ಸಾರಿನ ಸೌಟು ಹಿಡಿದು ಬಂದಳು. "ಸಾರು ಹಾಕ್ತಿದ್ರಾ ಅತ್ತೆ, ಬರೀದಾ? ಅದನ್ನೂ ಬರೀಬೇಕಲ್ಲ."

"ಬರೀದೇ. ಹಸುಗೆ ಉಪ್ಪು ಹುಳಿ ಯಾಕೆ."

"ಮಾವಂಗೆ ಸಾರಿಲ್ದೆ ಇಳೀತಿರ್ಲಿಲ್ಲ. ಪಾಪ, ನಾಲ್ಕು ವರ್ಷದಿಂದ ಬರೀ ಮುದ್ದೆ."

ಭಾರತಮ್ಮನಿಗೆ ನಗು ಬಂತು. ಸೆರಗು ಬಾಯಿಗಿಟ್ಟುಕೊಂಡು, ಭುಜ ಅಲುಗುವಂತೆ ನಕ್ಕಳು. ವಾಣಿಶ್ರೀ ಯಾರ ಕಡೆ ನೋಡಬೇಕೋ ತಿಳಿಯದೆ ತಕ್ಕಡಿಯನ್ನೇ ಒರೆಸುತ್ತ ಕೂತಳು.

ಚುಕ್ಕಿ ಮುದ್ದೆಯನ್ನು ಎರಡು ಸಲಕ್ಕೆ ಮುಗಿಸಿತು. ಆಮೇಲೆ ಮಂಡಿಯೂರಿ ಮಲಗಿ ಕಣ್ಣು ಮುಚ್ಚಿತು. ಬಿಸಿಲು ಕೊಟ್ಟಿಗೆಯ ಸಂದುಗಳಿಂದ ಇಳಿದು ಅದರ ಬೆನ್ನಿನ ಮೇಲೆ ಪಟ್ಟೆ ಎಳೆದಿತ್ತು. ತುಂಬ ಹೊತ್ತಿನ ಮೇಲೆ ಹಸುವಿನ ಕೊರಳಲ್ಲಿ ಒಂದು ಉಬ್ಬು ಮೇಲಕ್ಕೆ ಏರಿತು, ಚುಕ್ಕಿ ಮೃದುವಾಗಿ ತೇಗಿತು.

"ಹೋಯ್ತು ನೋಡಿ ಒಳಕ್ಕೆ," ಎಂದಳು ವಾಣಿಶ್ರೀ ಮೆಲ್ಲಗೆ.

ಭಾರತಮ್ಮನಿಗೆ ಅದು ಹೋಗುವ ದಾರಿ ಕಂಡಂತಾಯಿತು. ಡಬ್ಬಿಯಿಂದ ಬೆಂಗಳೂರಿನ ಯಾವುದೋ ಯಂತ್ರಕ್ಕೆ, ಯಂತ್ರದಿಂದ ಒಂದು ಅಂಕಿಗೆ, ಆ ಅಂಕಿ ಕೋಟಿ ಹಸುಗಳ ಅಂಕಿಯೊಳಗೆ. ಎಲ್ಲೋ ಕಡಲಾಚೆಯ ಊರಿನಲ್ಲಿ ಕೋಟು ಹಾಕಿದ ಜನ ದುಂಡು ಮೇಜಿನ ಸುತ್ತ ಕೂತು ಅದನ್ನು ಓದುತ್ತಾರೆ. ಅದರಲ್ಲಿ ಜಗಲಿ ಕಾಣುವುದಿಲ್ಲ, ಚುಕ್ಕಿ ಕಾಣುವುದಿಲ್ಲ, ಯಾರ ಹೆಸರೂ ಕಾಣುವುದಿಲ್ಲ. ಆದರೆ ಅಂಕಿಯ ತೀರಾ ಕೊನೆಯಲ್ಲಿ, ಯಾರೂ ಲೆಕ್ಕಿಸದಷ್ಟು ಸಣ್ಣದಾಗಿ, ಒಂದು ಮುದ್ದೆ ಇರುತ್ತದೆ. ಇಲ್ಲದ್ದನ್ನು ಇದೆ ಎಂದಿಲ್ಲ, ಇದ್ದದ್ದನ್ನು ಇಲ್ಲ ಎಂದಿಲ್ಲ.

ವಾಣಿಶ್ರೀ ಹಾಳೆ ಮುಂದಿಟ್ಟಳು. ಭಾರತಮ್ಮ ಪೆನ್ನು ತೆಗೆದುಕೊಂಡು ಹೊಸ ಸಾಲಿನಲ್ಲಿ ದುಂಡಗೆ ಬರೆದಳು: ರಾಗಿ ಮುದ್ದೆ, ಒಂದು, 320 ಗ್ರಾಂ. ಪಕ್ಕದಲ್ಲಿ ಕೊಟ್ಟವರ ಹೆಸರಿಗೆ ಜಾಗವಿತ್ತು. ಅಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವಳು ತನ್ನ ಹೆಸರನ್ನೇ ಬರೆದಳು.